ದುರ್ಗದಲ್ಲಿ ರಾತ್ರಿ, ದಾವಣಗೆರೆಯಲ್ಲಿ ತಿಂಡಿ: ಎರಡು ದಿನದ ಲೆಕ್ಕ

ಹಂಪಿಗೋ ಗೋವಾಕ್ಕೋ ಹೊರಟವರು ಚಿತ್ರದುರ್ಗದ ಕೋಟೆಗೆ ಎರಡು ತಾಸು ಕೊಡುತ್ತಾರೆ. ಅದೂ ನಡುಮಧ್ಯಾಹ್ನ. ಓಬವ್ವನ ಕಿಂಡಿ ಎಲ್ಲಿ ಎಂದು ಕೇಳಿ, ಅಲ್ಲೊಂದು ಫೋಟೊ ಹೊಡೆದು, ಬೆವರು ಒರೆಸಿಕೊಳ್ಳುತ್ತ ಇಳಿದು ಹೋಗುತ್ತಾರೆ. ಬಿಸಿಲುಕಾಲದಲ್ಲಿ ಹತ್ತೂವರೆ ಆಯಿತೆಂದರೆ ಇಲ್ಲಿನ ಬಂಡೆ ಕಾವಲಿಯ ಹಾಗೆ ಕಾಯುತ್ತದೆ, ಸಂಜೆಯಾದರೂ ಆ ಕಾವು ಬೇಗ ಬಿಡುವುದಿಲ್ಲ. ಅದಕ್ಕೇ ಹಿಂದಿನ ರಾತ್ರಿ ದುರ್ಗಕ್ಕೆ ಬಂದು ಮಲಗಿ, ಬಾಗಿಲು ತೆರೆಯುವ ಹೊತ್ತಿಗೆ ಕೋಟೆಯ ಮುಂದೆ ಇರಿ. ದಾವಣಗೆರೆ ಎರಡನೇ ದಿನಕ್ಕಿರಲಿ.

ಬೆಂಗಳೂರಿನಿಂದ ದುರ್ಗಕ್ಕೆ ಸುಮಾರು 200 ಕಿ.ಮೀ., ಅಲ್ಲಿಂದ ದಾವಣಗೆರೆಗೆ 60. ಎರಡೂ ರಾಷ್ಟ್ರೀಯ ಹೆದ್ದಾರಿ 48ರ ಊರುಗಳೇ. ಬಸ್ಸಿನವರು ಎಡವುವುದು ಒಂದು ಕಡೆ: ಹುಬ್ಬಳ್ಳಿ ಕಡೆಯ ಎಷ್ಟೋ ಬಸ್ಸುಗಳು ಊರೊಳಗೆ ಬಾರದೆ ಬೈಪಾಸಿನಲ್ಲೇ ಇಳಿಸಿ ಹೋಗುತ್ತವೆ. ರಾತ್ರಿ ಹನ್ನೊಂದಕ್ಕೆ ಅಲ್ಲಿ ಇಳಿದರೆ ಆಟೊದವರು ಹೇಳಿದ್ದೇ ರೇಟು. ಹತ್ತುವ ಮುಂಚೆಯೇ ಕಂಡಕ್ಟರನ್ನು "ಸ್ಟ್ಯಾಂಡಿಗೆ ಹೋಗುತ್ತಾ?" ಎಂದು ಕೇಳಿಕೊಳ್ಳಿ. ರೈಲಿನವರು ಎಡವುವುದು ಇನ್ನೊಂದು ಕಡೆ. ಬೆಂಗಳೂರು–ಹುಬ್ಬಳ್ಳಿ ಮುಖ್ಯ ಮಾರ್ಗದಲ್ಲಿ ದುರ್ಗ ಇಲ್ಲವೇ ಇಲ್ಲ. ಅದು ಚಿಕ್ಕಜಾಜೂರಿನಿಂದ ರಾಯದುರ್ಗಕ್ಕೆ ಒಡೆಯುವ ಕವಲು ಮಾರ್ಗದಲ್ಲಿದೆ, ಆ ಮಾರ್ಗದಲ್ಲಿ ಗಾಡಿಗಳೂ ಕಡಿಮೆ. ರೈಲಿನಲ್ಲಿ ಬರುವವರು ದಾವಣಗೆರೆಗೆ ಟಿಕೆಟ್ ತೆಗೆದುಕೊಂಡು, ಅಲ್ಲಿಂದ ಬಸ್ಸಿನಲ್ಲಿ ದುರ್ಗಕ್ಕೆ ಬರುವುದು ವಾಸಿ.

ರೂಮಿನ ವಿಚಾರ. ಸ್ವಂತ ಗಾಡಿ ಇಲ್ಲದವರು ಹೆದ್ದಾರಿ ಪಕ್ಕದ ಹೊಸ ಹೋಟೆಲುಗಳ ಫೋಟೊ ನೋಡಿ ಮರುಳಾಗಬೇಡಿ. ರೂಮು ಚೆನ್ನಾಗಿಯೇ ಇರುತ್ತದೆ, ಆದರೆ ಬೆಳಗಿನ ಜಾವ ಕೋಟೆಗೆ ಬರಲು ಆಟೊ ಸಿಗುವುದಿಲ್ಲ, ರಾತ್ರಿಯಿಡೀ ಲಾರಿ ಹಾರನ್ನು ಬೇರೆ. ಊರೊಳಗೇ ಇರಿ. ಕೋಟೆಯ ಹತ್ತಿರವೇ ರಾಜ್ಯ ಪ್ರವಾಸೋದ್ಯಮ ನಿಗಮದ (ಕೆಎಸ್‌ಟಿಡಿಸಿ) ಹೋಟೆಲ್ ಇದೆ. ಅಲ್ಲಿ ಸಿಗದಿದ್ದರೆ ಬಸ್‌ಸ್ಟ್ಯಾಂಡ್ ಸುತ್ತಲಿನ ಲಾಡ್ಜ್‌ಗಳಲ್ಲಿ ರಸ್ತೆ ಕಡೆಯದು ಬಿಟ್ಟು ಹಿಂದುಗಡೆಯ ರೂಮು ಕೇಳಿ. ಬಿಸಿನೀರು ಎಷ್ಟು ಗಂಟೆಗೆ ಬಿಡುತ್ತಾರೆ ಎಂಬುದನ್ನು ದುಡ್ಡು ಕಟ್ಟುವ ಮುಂಚೆ ಕೇಳಬೇಕು. ಏಳಕ್ಕೆ ಅಂದರೆ ನಿಮಗೆ ಉಪಯೋಗವಿಲ್ಲ, ಆ ಹೊತ್ತಿಗೆ ನೀವು ಬಂಡೆಯ ಮೇಲಿರಬೇಕು. ದಾವಣಗೆರೆಯಲ್ಲಿ ಉಳಿಯುವವರು ಮದುವೆಯ ಲಗ್ನಗಳನ್ನೂ, ಎರಡು ವರ್ಷಕ್ಕೊಮ್ಮೆ ಬರುವ ದುಗ್ಗಮ್ಮನ ಜಾತ್ರೆಯನ್ನೂ ನೋಡಿಕೊಂಡು ದಿನ ಆರಿಸಿ. ಜಾತ್ರೆಯ ಸಮಯದಲ್ಲಿ ರೂಮಿನ ಆಸೆ ಬಿಡಿ.

ಇನ್ನು ಕೋಟೆ. ಇದು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಸುಪರ್ದಿಯಲ್ಲಿದೆ. ಟಿಕೆಟ್ ಇದೆ, 15 ವರ್ಷದೊಳಗಿನ ಮಕ್ಕಳಿಗೆ ಇಲ್ಲ. ತಲೆಗೆ ಎರಡು ಲೀಟರ್ ನೀರು, ರಬ್ಬರ್ ಅಡಿಯ ಶೂ. ತಿನ್ನುವುದೇನಿದ್ದರೂ ಬ್ಯಾಗಿನೊಳಗೇ ಇರಲಿ. ಕೈಯಲ್ಲಿ ಪ್ಲಾಸ್ಟಿಕ್ ಕವರ್ ಕಂಡರೆ ಕೋತಿಗಳು ಬಿಡುವುದಿಲ್ಲ. ಗೈಡ್ ಬೇಕಿದ್ದರೆ ಬಾಗಿಲಲ್ಲೇ ಮಾತಾಡಿ, ದರದ ಜೊತೆ ಎಲ್ಲೆಲ್ಲಿಗೆ ಕರೆದೊಯ್ಯುತ್ತಾರೆ ಎಂಬುದನ್ನೂ ಗಟ್ಟಿ ಮಾಡಿಕೊಳ್ಳಿ. ಇಲ್ಲದಿದ್ದರೆ ಒಂದು ತಾಸಿನಲ್ಲಿ ಕಿಂಡಿ ತೋರಿಸಿ ಕೈಮುಗಿಯುತ್ತಾರೆ.

ಒಳಗೆ ಕಾಲಿಟ್ಟ ಕೂಡಲೇ ದಾರಿ ಸೊಟ್ಟಸೊಟ್ಟಗೆ ಹೊರಳುತ್ತದೆ. ಒಂದು ಬಾಗಿಲಿನ ನೇರಕ್ಕೆ ಇನ್ನೊಂದು ಬಾಗಿಲು ಇಲ್ಲ. ಆನೆಗೆ ಓಡಿಬಂದು ಗುದ್ದಲು ಜಾಗ ಸಿಗಬಾರದೆಂದು ಹೀಗೆ ಕಟ್ಟಿದ್ದು. ಗಾರೆಯೇ ಇಲ್ಲದೆ ಕೂರಿಸಿದ ಗೋಡೆಯ ಕಲ್ಲುಗಳ ಸಂದನ್ನು ಬೆರಳಿನಿಂದ ಮುಟ್ಟಿ ನೋಡಿ. ಅಲ್ಲಲ್ಲಿ ಬಂಡೆಯ ಮೇಲೆ ಸಾಲಾಗಿ ಚೌಕದ ಗುಳಿಗಳು ಕಾಣುತ್ತವೆ. ಬಂಡೆ ಸೀಳಲು ಕೊರೆದ ಗುರುತುಗಳವು. ಕೆಲವು ಕಡೆ ಗುಳಿ ಕೊರೆದು ಸೀಳದೇ ಹಾಗೇ ಬಿಟ್ಟಿದ್ದಾರೆ. ಸಿಡಿಮದ್ದು ಬೀಸುವ ಕಲ್ಲುಗಳು ಒಂದು ಗುಂಡಿಯೊಳಗಿವೆ, ನಾಲ್ಕು ದೊಡ್ಡ ಗಾಲಿಯಂಥವು. ಮೇಲಿನಿಂದಲೇ ಇಣುಕಿ ಹೋಗುವವರೇ ಜಾಸ್ತಿ.

ಆಮೇಲೆ ನೀರನ್ನು ಹಿಡಿದು ನಡೆಯಿರಿ. ಈ ಒಣ ಸೀಮೆಯಲ್ಲಿ ಕೋಟೆ ಬಾಳಿದ್ದು ಗೋಡೆಯಿಂದ ಎಷ್ಟೋ ಹೊಂಡಗಳಿಂದಲೂ ಅಷ್ಟೇ. ಹಿಡಿಂಬೇಶ್ವರ, ಸಂಪಿಗೆ ಸಿದ್ಧೇಶ್ವರ ಗುಡಿಗಳನ್ನು ದಾಟಿ ಗೋಪಾಲಸ್ವಾಮಿ ಹೊಂಡ, ಅಲ್ಲಿಂದ ಅಕ್ಕ-ತಂಗಿ ಹೊಂಡ. ಬಂಡೆಗಳ ಮೇಲೆ ಬಿದ್ದ ಮಳೆ ಮೇಲಿನ ಹೊಂಡ ತುಂಬಿ, ಕೋಡಿ ಬಿದ್ದು ಕೆಳಗಿನದಕ್ಕೆ ಇಳಿಯುತ್ತದೆ. ಕೊನೆಯದು ಪೇಟೆಯ ನಡುವಿನ ಸಂತೆ ಹೊಂಡ. ಓಬವ್ವನ ಕಿಂಡಿಯನ್ನು ಕೊನೆಗೆ ಇಟ್ಟುಕೊಳ್ಳಿ. ಹೈದರಾಲಿಯ ಸೈನಿಕರು ಒಬ್ಬೊಬ್ಬರಾಗಿ ನುಸುಳಬೇಕಾಯಿತು ಎಂಬ ಕಥೆ ಆ ಸಂದಿಯಲ್ಲಿ ಮೈ ತೂರಿಸಿದಾಗಲೇ ಅರ್ಥವಾಗುವುದು. ಕೋಟೆ ಅವನ ಕೈಸೇರಿದ್ದು 1779ರಲ್ಲಿ. ಒಟ್ಟು ನಾಲ್ಕು ತಾಸು ಬೇಕು. ಮಳೆ ಬಿದ್ದ ದಿನ, ಬಂಡೆಗೆ ಕಾಲುಗುಳಿ ಕೊರೆದ ತುಪ್ಪದ ಕೊಳದ ಹತ್ತಿರ ಸಾಹಸ ಬೇಡ: ಪಾಚಿ ಇರುತ್ತದೆ, ಹಿಡಿಯಲು ಏನೂ ಸಿಗುವುದಿಲ್ಲ.

ಊಟ ಮಾಡಿ ಒಂದು ನಿದ್ದೆ ತೆಗೆದು ಮೂರಕ್ಕೆ ದುರ್ಗದ ಅಂಚಿನ ಚಂದ್ರವಳ್ಳಿಗೆ ಹೊರಡಿ. ಕೆರೆ ನೋಡಿ ಬೋಟಿಂಗ್ ಎಲ್ಲಿ ಎನ್ನುವವರಿಗೆ ಈ ಜಾಗ ಸಪ್ಪೆ. ಭೈರವೇಶ್ವರ ಗುಡಿಯ ಬಳಿಯ ಬಂಡೆಯ ಮೇಲೆ ಕದಂಬರ ಮಯೂರಶರ್ಮನ ಶಾಸನವಿದೆ. ಬ್ರಾಹ್ಮೀ ಲಿಪಿ, ಪ್ರಾಕೃತ ಭಾಷೆ, ಕೆರೆ ಕಟ್ಟಿಸಿದ ವಿಚಾರ. ಇಲ್ಲಿ ಅಗೆದಾಗ ಶಾತವಾಹನರ ನಾಣ್ಯಗಳ ಜೊತೆ ರೋಮನ್ ನಾಣ್ಯಗಳೂ ಸಿಕ್ಕಿದ್ದವು. ಪಕ್ಕದ ಅಂಕಲಿ ಮಠದ ಗುಹೆಯೊಳಗೆ ಕಗ್ಗತ್ತಲು. ಮೊಬೈಲ್ ಟಾರ್ಚ್ ಸಾಲದು, ಕೈಬ್ಯಾಟರಿ ಒಯ್ಯಿರಿ, ದಾರಿ ಬಲ್ಲವರಿಲ್ಲದೆ ಇಳಿಯಬೇಡಿ. ಉಸಿರುಗಟ್ಟಿದಂತಾಗುವವರು ಹೊರಗೇ ಕೂರುವುದು ಲೇಸು.

ಎರಡನೇ ದಿನ ಎಂಟೂವರೆಯೊಳಗೆ ದಾವಣಗೆರೆ. ಬೆಣ್ಣೆ ದೋಸೆಗೆ ಅಕ್ಕಿ, ಉದ್ದಿನ ಜೊತೆ ಮಂಡಕ್ಕಿಯನ್ನೂ ನೆನೆಸಿ ರುಬ್ಬುತ್ತಾರೆ, ಒಳಗೆ ಮೆತ್ತಗೆ ಬರುವುದು ಅದರಿಂದ. ಸೌದೆ ಒಲೆಯ ಕಾವಲಿ ಇರುವ ಹೋಟೆಲನ್ನೇ ಹುಡುಕಿ. ಸಾಂಬಾರ್ ಕೇಳಬೇಡಿ, ಬಿಳಿ ಕಾಯಿಚಟ್ನಿ, ಅರಿಶಿನವಿಲ್ಲದ ಆಲೂಗಡ್ಡೆ ಪಲ್ಯ, ಮೇಲೆ ಕರಗುತ್ತಿರುವ ಬೆಣ್ಣೆಯ ಉಂಡೆ, ಅಷ್ಟೇ. ಪಲ್ಯ ಬೇಡದವರಿಗೆ ಖಾಲಿ ದೋಸೆ. ಪಾರ್ಸೆಲ್ ಕಟ್ಟಿಸಿದರೆ ಹತ್ತೇ ನಿಮಿಷಕ್ಕೆ ಆವಿಗೆ ಮೆತ್ತಗಾಗಿ ಗರಿ ಹೋಗುತ್ತದೆ. ಆ ತಪ್ಪು ಮಾಡಬೇಡಿ, ಕಾದರೂ ಕೂತೇ ತಿನ್ನಿ.

ಅಲ್ಲಿಂದ ದಾರಿ ಎರಡು. ಬಸ್ಸಿನವರಿಗೆ 14 ಕಿ.ಮೀ. ದೂರದ ಹರಿಹರ: ಹೊಯ್ಸಳರ ದಂಡನಾಯಕ ಪೋಲಾಳ್ವ 13ನೇ ಶತಮಾನದಲ್ಲಿ ಕಟ್ಟಿಸಿದ ಹರಿಹರೇಶ್ವರ ಗುಡಿ, ಅರ್ಧ ಶಿವ ಅರ್ಧ ವಿಷ್ಣು. ಮಧ್ಯಾಹ್ನ ಬಾಗಿಲು ಹಾಕುವ ಮುಂಚೆ ಮುಟ್ಟಿ. ಸ್ವಂತ ಗಾಡಿ ಇದ್ದವರು ಸುಮಾರು 40 ಕಿ.ಮೀ. ದೂರದ ಸಂತೆಬೆನ್ನೂರಿಗೇ ಹೋಗಿ, ನನ್ನ ಮತ ಅದಕ್ಕೇ. ಹನುಮಪ್ಪ ನಾಯಕನ ಪುಷ್ಕರಣಿ, ನೀರ ನಡುವೆ ವಸಂತ ಮಂಟಪ, ಎದುರಿಗೆ ಮುಸಾಫಿರ್‌ಖಾನೆ, ಅಂದರೆ ದಾರಿಹೋಕರ ಛತ್ರ. ಒಂದು ತಾಸು ಸಾಕು. ಮುಂದೆ ಎರಡು ಗುಡ್ಡಗಳ ನಡುವೆ ಏರಿ ಹಾಕಿ ನಿಲ್ಲಿಸಿದ ಸೂಳೆಕೆರೆ. ಬೋರ್ಡಿನಲ್ಲಿ ಶಾಂತಿಸಾಗರ ಎಂದಿರುತ್ತದೆ, ಎರಡೂ ಒಂದೇ.

ಕತ್ತಲಾಗುವ ಮುಂಚೆ ದಾವಣಗೆರೆಗೆ ವಾಪಸಾದರೆ ಖಾರ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿಯ ಗಾಡಿಗಳು ಬಿಸಿಯಾಗಿರುತ್ತವೆ. ಮನೆಗೆ ಒಯ್ಯುವವರು ಒಗ್ಗರಣೆ ಹಾಕಿದ್ದನ್ನು ಬಿಟ್ಟು ಬರೀ ಮಂಡಕ್ಕಿ ಕೊಳ್ಳಿ; ಗಾಳಿಯಾಡದ ಹಾಗೆ ಕಟ್ಟಿಸಿ, ಬ್ಯಾಗಿನಲ್ಲಿ ಎಲ್ಲಕ್ಕಿಂತ ಮೇಲೆ ಇಡಿ.