ಸ್ಪ್ಯಾನಿಷ್ ಕಲಿಕೆಯ ದಿನಚರಿ, ಒಂಬತ್ತನೆಯ ವಾರ: ‘ನೋಡಿದ್ದೇನೆ’ ಬಂತು, ‘ನೋಡಿಲ್ಲ’ ಬರಲಿಲ್ಲ

ತುಮಕೂರಿನಿಂದ ಬೆಂಗಳೂರಿಗೆ ಹೋಗುವ ಬೆಳಗಿನ ರೈಲಿನಲ್ಲಿ ಸೀಟು ಸಿಕ್ಕರೆ ನೋಟ್‌ಬುಕ್ಕಿನಲ್ಲಿ ಬರೆಯುವುದು, ಸಿಗದಿದ್ದರೆ ನಿಂತುಕೊಂಡೇ ಬಾಯಿಪಾಠ ಮಾಡುವುದು ಎಂಬ ಏರ್ಪಾಡು ಈ ವಾರವೂ ನಡೆಯಿತು. ಕೈಗೆತ್ತಿಕೊಂಡ ಪಾಠ, ‘ಮಾಡಿದ್ದೇನೆ, ಬಂದಿದ್ದೇನೆ’ ಎಂದು ನಾವು ಹೇಳುವಲ್ಲಿ ಸ್ಪ್ಯಾನಿಷ್ ಬಳಸುವ ಪ್ರೆಸೆಂಟ್ ಪರ್ಫೆಕ್ಟ್.

ರೂಪಸಿದ್ಧಿ ಬೇಗ ಹಿಡಿತಕ್ಕೆ ಬಂತು. ‘ಅಬೇರ್’ ಎಂಬ ಸಹಾಯಕ ಕ್ರಿಯಾಪದ ಎ, ಆಸ್, ಆ, ಎಮೊಸ್, ಅಬೇಯಿಸ್, ಆನ್ ಎಂದು ಪುರುಷ ಮತ್ತು ವಚನಕ್ಕೆ ತಕ್ಕಂತೆ ಬದಲಾಗುತ್ತದೆ. ಬರವಣಿಗೆಯಲ್ಲಿ ಇವೆಲ್ಲವುಗಳ ಮೊದಲಿಗೆ ‘ಎಚ್’ ಅಕ್ಷರವಿದ್ದರೂ ಉಚ್ಚಾರದಲ್ಲಿ ಅದಕ್ಕೆ ಜಾಗವಿಲ್ಲ. ಅದರ ಮುಂದೆ ಕೃದಂತವನ್ನು ಇಟ್ಟರೆ ಆಯಿತು: ‘ಅಬ್ಲಾರ್’ (ಮಾತನಾಡು) ‘ಅಬ್ಲಾದೊ’ ಆಗುತ್ತದೆ, ‘ಕೊಮೇರ್’ (ತಿನ್ನು) ‘ಕೊಮೀದೊ’ ಆಗುತ್ತದೆ, ‘ಬಿಬೀರ್’ (ಬದುಕು) ‘ಬಿಬೀದೊ’ ಆಗುತ್ತದೆ. ಎಚೊ (ಮಾಡಿ), ದೀಚೊ (ಹೇಳಿ), ಬಿಸ್ತೊ (ನೋಡಿ), ಎಸ್ಕ್ರೀತೊ (ಬರೆದು), ಪ್ವೆಸ್ತೊ (ಇಟ್ಟು) ಮುಂತಾದ ಹಟಮಾರಿಗಳನ್ನು ಮಾತ್ರ ಮಗ್ಗಿಯಂತೆ ಉರುಹೊಡೆಯಬೇಕಾಯಿತು.

ಇದು ಸುಲಭವಾದದ್ದಕ್ಕೆ ಕಾರಣ ಕನ್ನಡವೇ. ‘ನೋಡಿದ್ದೇನೆ’ ಎಂಬುದನ್ನು ಬಿಡಿಸಿದರೆ ‘ನೋಡಿ’ ಮತ್ತು ‘ಇದ್ದೇನೆ’ ಸಿಗುತ್ತವೆ. ‘ನೋಡಿ’ ಅವ್ಯಯವಾದ್ದರಿಂದ ಬದಲಾಗದು, ಪುರುಷ ವಚನಗಳ ಭಾರವೆಲ್ಲ ‘ಇರು’ ಧಾತುವಿನ ಮೇಲೆ. ಸ್ಪ್ಯಾನಿಷ್‌ನ ‘ಎ ಬಿಸ್ತೊ’ ಇದೇ ಜೋಡಿಯನ್ನು ಹಿಂದುಮುಂದು ಮಾಡಿದಂತಿದೆ. ಸ್ಪ್ಯಾನಿಷ್‌ನಲ್ಲಿ ಬಾಗಿಲು ಸ್ತ್ರೀಲಿಂಗವಾದ್ದರಿಂದ ‘ಬಾಗಿಲು ತೆರೆದಿದೆ’ ಎನ್ನುವಾಗ ‘ಅಬ್ಯೆರ್ತಾ’ ಎಂದಾಗುವ ಕೃದಂತ, ‘ಬಾಗಿಲು ತೆರೆದಿದ್ದೇನೆ’ ಎನ್ನುವಾಗ ‘ಎ ಅಬ್ಯೆರ್ತೊ’ ಎಂದೇ ಉಳಿಯುತ್ತದೆ. ‘ಅಬೇರ್’ ಜೊತೆಗಿರುವಷ್ಟು ಹೊತ್ತು ಅದಕ್ಕೆ ಲಿಂಗದ ಚಿಂತೆ ಇಲ್ಲ.

ಆದರೆ ಅದೇ ಕನ್ನಡ ನಿಷೇಧದಲ್ಲಿ ಕೈಕೊಟ್ಟಿತು. ನಾಮದ ಚಿಲುಮೆಯನ್ನು ನಾನು ನೋಡಿಲ್ಲ, ನೀನು ನೋಡಿಲ್ಲ, ಅವರು ನೋಡಿಲ್ಲ: ‘ಇಲ್ಲ’ ಬಂದೊಡನೆ ನಮ್ಮಲ್ಲಿ ಪುರುಷವೂ ವಚನವೂ ಅಳಿಸಿಹೋಗುತ್ತವೆ. ಸ್ಪ್ಯಾನಿಷ್‌ನಲ್ಲಿ ಅಳಿಸುವುದಿಲ್ಲ, ‘ನೊ ಎ ಬಿಸ್ತೊ’, ‘ನೊ ಆಸ್ ಬಿಸ್ತೊ’, ‘ನೊ ಆನ್ ಬಿಸ್ತೊ’ ಎಂದು ಬೇರೆ ಬೇರೆಯಾಗಿಯೇ ಹೇಳಬೇಕು. ಬುಧವಾರ ಬರೆದ 20 ವಾಕ್ಯಗಳಲ್ಲಿ 6 ತಪ್ಪಿದ್ದವು, ಆರೂ ನಿಷೇಧದವು, ಆರರಲ್ಲೂ ಎಲ್ಲರಿಗೂ ‘ನೊ ಆ’ ಎಂದೇ ಬರೆದಿದ್ದೆ. ಜೊತೆಗೆ ‘ನೋಡಿಯೇ ಇಲ್ಲ’ ಎಂದು ನಡುವೆ ‘ಏ’ ತೂರಿಸುವ ನಮ್ಮ ಅಭ್ಯಾಸಕ್ಕೂ ಅಲ್ಲಿ ಅವಕಾಶವಿಲ್ಲ. ‘ನೊ’ ಆಗಲಿ, ‘ಎಂದೂ ಇಲ್ಲ’ ಎನ್ನುವ ‘ನುಂಕ’ ಆಗಲಿ ಎರಡು ಪದಗಳ ನಡುವೆ ಕೂರುವಂತಿಲ್ಲ.

ಇನ್ನೊಂದು ಎಡವಟ್ಟು ಕಾಲದ್ದು. ‘ನಿನ್ನೆಯೇ ಕರೆಂಟ್ ಬಿಲ್ ಕಟ್ಟಿದ್ದೇನೆ’ ಎಂಬುದು ನಮಗೆ ಸಹಜವಾದ ಮಾತು. ಅದನ್ನೇ ‘ಆಯೇರ್ ಎ ಪಗಾದೊ’ ಎಂದು ಬರೆದದ್ದು ತಪ್ಪಾಯಿತು. ‘ಆಯೇರ್’, ಅಂದರೆ ನಿನ್ನೆ, ಬಂದರೆ ‘ಪಗೇ’ ಎಂಬ ಸರಳ ಭೂತಕಾಲವೇ ಬೇಕು. ಸ್ಪೇನಿನ ಬಹುಭಾಗದಲ್ಲಿ ಇವತ್ತು, ಈ ವಾರ, ಈ ವರ್ಷ ಎಂದು ಇನ್ನೂ ಮುಗಿಯದ ಅವಧಿಯೊಳಗೆ ನಡೆದದ್ದಕ್ಕೆ ‘ಎ’ ಸಲ್ಲುತ್ತದೆ. ಆದ್ದರಿಂದ ಈ ಬೆಳಿಗ್ಗೆ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದದ್ದನ್ನು ಮ್ಯಾಡ್ರಿಡ್‌ನವರಿಗೆ ‘ಎ ಕೊಮೀದೊ’ ಎಂದೂ, ಸರಳ ಭೂತವನ್ನೇ ಹೆಚ್ಚಾಗಿ ಬಳಸುವ ಮೆಕ್ಸಿಕೊದವರಿಗೆ ‘ಕೊಮೀ’ ಎಂದೂ ಹೇಳಬೇಕು. ‘ಇಡ್ಲಿ ತಿಂದೆ’ ಎನ್ನುವ ನಾವು ಈ ವಿಷಯದಲ್ಲಿ ಮೆಕ್ಸಿಕೊ ಪಕ್ಷದವರು. ನನ್ನ ಪಠ್ಯ ಸ್ಪೇನಿನದಾದ್ದರಿಂದ ಸದ್ಯಕ್ಕೆ ಆ ಕ್ರಮವನ್ನೇ ಪಾಲಿಸುತ್ತಿದ್ದೇನೆ.

ಶನಿವಾರ ನಿಷೇಧದ ವಾಕ್ಯಗಳನ್ನೇ 30 ಬರೆದೆ. ತಪ್ಪು 2ಕ್ಕೆ ಇಳಿಯಿತು. ಮುಂದಿನ ವಾರದ ಪಾಠ ‘ನೋಡಿದ್ದೆ’, ಅಂದರೆ ‘ಅಬೀಯ ಬಿಸ್ತೊ’. ಅದರ ನಿಷೇಧದಲ್ಲಿ ‘ನೋಡಿರಲಿಲ್ಲ’ ಕೂಡ ಎಲ್ಲರಿಗೂ ಒಂದೇ ಆಗಿರುವುದರಿಂದ, ಈ ಬಾರಿ ಅಭ್ಯಾಸವನ್ನು ಅಲ್ಲಿಂದಲೇ ಆರಂಭಿಸುತ್ತೇನೆ.