ಸೆಕೆ ನಾಡಿನ ಗೆಸ್ಟ್ ಹೌಸ್‌ನಲ್ಲಿ 11 ರಾತ್ರಿ

ಬೀಗ ತೆಗೆದು ಬಾಗಿಲು ತಳ್ಳಿದಾಗ ಮೊದಲು ಬಂದದ್ದು ವಾಸನೆ. ಒದ್ದೆ ಬಟ್ಟೆಯನ್ನು ಎರಡು ದಿನ ಬಕೆಟ್‌ನಲ್ಲೇ ಬಿಟ್ಟರೆ ಬರುತ್ತಲ್ಲ, ಆ ಮುಗ್ಗಲು ವಾಸನೆ. ಫೋಟೋದಲ್ಲಿ ಕೋಣೆ ತುಂಬಾ ಚೆನ್ನಾಗಿತ್ತು. ಬಿಳಿ ಹಾಸಿಗೆ, ನೀಲಿ ಗೋಡೆ, ಕಿಟಕಿಯ ಆಚೆ ಸಮುದ್ರ. ಅದೆಲ್ಲ ಅಲ್ಲಿ ಇತ್ತು ಕೂಡ, ಫೋಟೋ ಹಾಕಿದವರು ಸುಳ್ಳು ಹೇಳಿರಲಿಲ್ಲ. ಆದರೆ ಫೋಟೋದಲ್ಲಿ ಗಾಳಿ ಕಾಣುವುದಿಲ್ಲ, ತೇವ ಕಾಣುವುದಿಲ್ಲ, ಅಲ್ವಾ?

ಕಡಲ ಪಕ್ಕದ ಆ ಕಡಿಮೆ ಬಾಡಿಗೆಯ ಗೆಸ್ಟ್ ಹೌಸ್‌ನಲ್ಲಿ ನಾನು ಇದ್ದದ್ದು 11 ರಾತ್ರಿ. ಮೊದಲ ಮೂರು ರಾತ್ರಿ ಮೇಲಿನ ಮಹಡಿಯ, ಸಮುದ್ರ ಕಾಣುವ ಕೋಣೆ. ಉಳಿದ ಎಂಟು ರಾತ್ರಿ ಕೆಳಗೆ ಹಿತ್ತಲ ಕಡೆಯ ಕೋಣೆ. ಅದರ ಕಿಟಕಿಯಲ್ಲಿ ಕಾಣುತ್ತಿದ್ದದ್ದು ಬಟ್ಟೆ ಒಣಗಿಸುವ ಹಗ್ಗ ಮತ್ತು ಒಂದು ಮರ, ಅಷ್ಟೇ. ಬಾಡಿಗೆಯೂ ಮೇಲಿನದಕ್ಕಿಂತ ಕಡಿಮೆ. ಆದರೆ ನನಗೆ ನಿದ್ದೆ ಬಂದದ್ದು ಅಲ್ಲಿ. ಯಾಕೆ ಹೀಗಾಯಿತು ಅಂತ ಆಗಲೂ ತುಂಬಾ ಯೋಚನೆ ಮಾಡಿದ್ದೆ, ಇಂಥ ಕೋಣೆ ಹುಡುಕುತ್ತಿರುವವರಿಗೆ ಉಪಯೋಗ ಆಗಬಹುದು ಅಂತ ಈಗ ಬರೆಯುತ್ತಿದ್ದೇನೆ.

ಮೇಲಿನ ಕೋಣೆಯ ಮೇಲೆ ನೇರವಾಗಿ ತಾರಸಿ. ಹಗಲಿಡೀ ಬಿಸಿಲು ಕುಡಿದ ಕಾಂಕ್ರೀಟು ಆ ಬಿಸಿಯನ್ನು ತಕ್ಷಣ ಒಳಗೆ ಬಿಡುವುದಿಲ್ಲ, ಗಂಟೆಗಟ್ಟಲೆ ಹಿಡಿದಿಟ್ಟುಕೊಂಡು ಮೆಲ್ಲಗೆ ಇಳಿಸುತ್ತದೆ. ಹಾಗಾಗಿ ಹೊರಗೆ ತಂಪಾಗುವ ಹೊತ್ತಿಗೆ ಒಳಗೆ ಕಾಯಲು ಶುರು. ರಾತ್ರಿ ಹತ್ತು ಗಂಟೆಗೆ ಗೋಡೆಯ ಮೇಲ್ಭಾಗಕ್ಕೆ ಅಂಗೈ ಇಟ್ಟು ನೋಡಿದೆ. ಜ್ವರ ಬಂದ ಮಗುವಿನ ಹಣೆ ಮುಟ್ಟಿದ ಹಾಗಿತ್ತು. ಫ್ಯಾನ್ ಐದರಲ್ಲಿ ಓಡುತ್ತಿತ್ತು, ಆದರೆ ಮೇಲಿನ ಬಿಸಿ ಗಾಳಿಯನ್ನೇ ಕೆಳಗೆ ತಂದು ಸುರಿಯುತ್ತಿತ್ತು. ಫ್ಯಾನ್‌ನಿಂದ ಕೋಣೆ ತಂಪಾಗುವುದಿಲ್ಲ, ತಂಪಾಗುವುದು ನಮ್ಮ ಮೈ, ಅದೂ ಮುಖ್ಯವಾಗಿ ಬೆವರು ಆರಿದಾಗ. ಗಾಳಿಯಲ್ಲೇ ತೇವ ತುಂಬಿಕೊಂಡಿದ್ದಾಗ ಬೆವರು ಆರುವುದು ಎಲ್ಲಿಂದ? ಮೈಗೆ ಅಂಟಿಕೊಂಡೇ ಇರುತ್ತದೆ. ದಿಂಬು ಮಗುಚಿ ಹಾಕುವುದು, ಎದ್ದು ಮುಖ ತೊಳೆಯುವುದು, ಮತ್ತೆ ಮಲಗುವುದು, ಇಷ್ಟರಲ್ಲೇ ಮೂರು ಗಂಟೆ ಆಯಿತು.

ಸಮುದ್ರದ ಗಾಳಿ ಎಲ್ಲಿ ಹೋಯಿತು ಅಂತ ನನಗೆ ಸಿಟ್ಟು ಬರುತ್ತಿತ್ತು. ಹಗಲು ಅದೇ ಕಿಟಕಿಯಿಂದ ಪರದೆ ಹಾರುವಷ್ಟು ಗಾಳಿ ಬರುತ್ತಿತ್ತು. ಆಮೇಲೆ ಶಾಲೆಯಲ್ಲಿ ಓದಿದ್ದು ನೆನಪಾಯಿತು. ಹಗಲು ನೆಲ ನೀರಿಗಿಂತ ಬೇಗ ಕಾಯುತ್ತದೆ, ನೆಲದ ಮೇಲಿನ ಬಿಸಿ ಗಾಳಿ ಮೇಲೇರುತ್ತದೆ, ಆ ಜಾಗಕ್ಕೆ ಕಡಲಿನಿಂದ ಗಾಳಿ ನುಗ್ಗುತ್ತದೆ. ರಾತ್ರಿ ನೆಲವೇ ಬೇಗ ಆರುತ್ತದೆ, ಆಗ ಗಾಳಿ ನೆಲದಿಂದ ಕಡಲಿಗೆ ಹೋಗುತ್ತದೆ. ಈ ಎರಡರ ನಡುವೆ, ಮುಸ್ಸಂಜೆಯ ನಂತರ, ಎಲೆ ಕೂಡ ಅಲ್ಲಾಡದ ಒಂದು ಹೊತ್ತು ಇರುತ್ತದೆ. ಅಂದರೆ ಕಡಲಿಗೆ ಮುಖ ಮಾಡಿದ, ಒಂದೇ ಕಿಟಕಿಯ ನನ್ನ ಕೋಣೆಗೆ ಗಾಳಿ ಸಿಗುತ್ತಿದ್ದದ್ದು ನಾನು ಹೊರಗೆ ತಿರುಗುತ್ತಿದ್ದ ಹಗಲಿನಲ್ಲಿ. ಮಲಗುವ ಹೊತ್ತಿಗೆ ಗಾಳಿ ಹಿಂದಿನಿಂದ ಬರುತ್ತಿತ್ತು, ಅಲ್ಲಿ ನನಗಿದ್ದದ್ದು ಗೋಡೆ. ಜಾಸ್ತಿ ದುಡ್ಡು ಕೊಟ್ಟು ನಾನು ಸಮುದ್ರದ ನೋಟ ತಗೊಂಡಿದ್ದೆ, ಕೆಳಗಿನ ಕೋಣೆಯವರು ರಾತ್ರಿಯ ಗಾಳಿ ತಗೊಂಡಿದ್ದರು.

ಎರಡನೇ ರಾತ್ರಿ ಬೇಡವೇ ಬೇಡ ಅನ್ನಿಸಿ ಏಸಿಗೆ ಬೇರೆ ದುಡ್ಡು ಕಟ್ಟಿದೆ. ಒಂದು ಗಂಟೆಯಲ್ಲಿ ಕೋಣೆ ಸ್ವರ್ಗ ಆಯಿತು, ಅದನ್ನು ಹೇಳಲೇಬೇಕು. ಅಷ್ಟು ಹೊತ್ತು ಮೇಜಿನ ಮೇಲೆ ಅಲೆ ಅಲೆಯಾಗಿ ಉಬ್ಬಿಕೊಂಡಿದ್ದ ನನ್ನ ಪುಸ್ತಕದ ಹಾಳೆಗಳೂ ಸ್ವಲ್ಪ ಚಪ್ಪಟೆಯಾದವು. 1902ರಲ್ಲಿ ವಿಲಿಸ್ ಕ್ಯಾರಿಯರ್ ಎಂಬ ಇಂಜಿನಿಯರ್ ಅಮೆರಿಕದ ಬ್ರೂಕ್ಲಿನ್‌ನ ಒಂದು ಮುದ್ರಣಾಲಯಕ್ಕೆ ಇಂಥ ಯಂತ್ರದ ವಿನ್ಯಾಸ ಮಾಡಿದ್ದು ಜನರ ಸುಖಕ್ಕಲ್ಲ, ಕಾಗದದ ಸಲುವಾಗಿ. ತೇವಕ್ಕೆ ಕಾಗದ ಹಿಗ್ಗಿ ಕುಗ್ಗಿ ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂರುತ್ತಿರಲಿಲ್ಲವಂತೆ. ಸೆಕೆ ನಾಡಿನಲ್ಲಿ ಏಸಿ ಹಾಕಿದಾಗ ನಿಜವಾದ ಹಿತ ಇರುವುದೂ ಅಲ್ಲೇ, ತಂಪಿಗಿಂತ ಹೆಚ್ಚಾಗಿ ಒಣ ಗಾಳಿಯಲ್ಲಿ. ಆದರೆ ಮಧ್ಯರಾತ್ರಿ ದಾಟಿ ಸ್ವಲ್ಪ ಹೊತ್ತಿಗೆ ಕರೆಂಟ್ ಹೋಯಿತು. ಜನರೇಟರ್‌ನಲ್ಲಿ ದೀಪ, ಫ್ಯಾನ್ ಮಾತ್ರ ನಡೆಯುತ್ತವೆ. ಕಿಟಕಿ ತೆಗೆದೆ, ಹೊರಗಿನ ಒದ್ದೆ ಗಾಳಿ ಒಳಗೆ ಬಂದದ್ದೇ ತಡ, ತಣ್ಣಗಿದ್ದ ನೆಲದ ಟೈಲ್ಸ್ ಮೇಲೆಲ್ಲ ಬೆವರಿನ ಹಾಗೆ ಹನಿ ಕೂತವು. ಬೆಳಿಗ್ಗೆ ಆ ಮುಗ್ಗಲು ವಾಸನೆ ಇನ್ನೂ ಜಾಸ್ತಿ. ಏಸಿ ಇದ್ದ ಮಾತ್ರಕ್ಕೆ ಕೋಣೆ ಒಣಗಿರುತ್ತದೆ ಅಂತ ನಾನಂತೂ ಇನ್ನು ನಂಬುವುದಿಲ್ಲ. ಮುಚ್ಚಿಟ್ಟ ಕೋಣೆ, ಆಗಾಗ ಏಸಿ, ಆಗಾಗ ಇಲ್ಲ, ಬೂಷ್ಟಿಗೆ ಇದಕ್ಕಿಂತ ಒಳ್ಳೆಯ ಮನೆ ಬೇಕಾ? ಮಂಚವನ್ನು ಗೋಡೆಯಿಂದ ಒಂದು ಗೇಣು ಎಳೆದು ನೋಡಿದೆ, ಹಿಂದೆಲ್ಲ ಕಪ್ಪು ಚುಕ್ಕೆ.

ಮೂರನೇ ದಿನದ್ದು ಮಾತ್ರ ಬೇರೆ ವಿಷಯ. ಅದನ್ನು ಸೆಕೆ, ವಾಸನೆ ಇವುಗಳ ಸಾಲಿಗೆ ನಾನು ಸೇರಿಸುವುದಿಲ್ಲ. ಬಚ್ಚಲಲ್ಲಿ ಒಂದು ಸಣ್ಣ ಇನ್‌ಸ್ಟಂಟ್ ಗೀಸರ್ ಇತ್ತು. ಒದ್ದೆ ಕೈಯಲ್ಲಿ ಷವರ್‌ನ ನಲ್ಲಿ ಮುಟ್ಟಿದೆ, ಮೊಣಕೈವರೆಗೆ ಜುಮ್ ಅಂದಿತು. ಮೊದಲು ಏನೋ ನರ ಹಿಡಿದಿದೆ ಅಂದುಕೊಂಡು ಮತ್ತೆ ಮುಟ್ಟಿದೆ, ಮತ್ತೆ ಜುಮ್. ಟವೆಲ್ ಸುತ್ತಿಕೊಂಡು ಹೊರಗೆ ಬಂದು ಸ್ವಿಚ್ ಆರಿಸಿದೆ. ಕೈ ನಡುಗುತ್ತಿತ್ತು. ಕೆಳಗೆ ಹೋಗಿ ಹೇಳಿದರೆ ಮಾಲೀಕರು "ಸ್ವಲ್ಪ ಹಾಗೆ ಬರುತ್ತೆ, ಚಪ್ಪಲಿ ಹಾಕ್ಕೊಂಡು ಸ್ನಾನ ಮಾಡಿ" ಅಂದರು.

ನನಗೆ ಈಗಲೂ ಆ ಮಾತು ನುಂಗಲು ಆಗುವುದಿಲ್ಲ. ಬಾಡಿಗೆ ಕಡಿಮೆ ಅಂದರೆ ಟವೆಲ್ ಹಳೆಯದಿರಲಿ, ಮಂಚ ಕಿರುಗುಟ್ಟಲಿ, ನೀರು ಸಣ್ಣಗೆ ಬರಲಿ. ಆದರೆ ಅರ್ಥಿಂಗ್ ಸರಿ ಇಲ್ಲದ ಗೀಸರ್ ಯಾವ ಬಾಡಿಗೆಗೂ ಒಪ್ಪುವ ಮಾತಲ್ಲ. ಕಡಲ ಪಕ್ಕದ ಉಪ್ಪು ಗಾಳಿಗೆ ಸ್ಕ್ರೂ, ಚಿಲಕ, ವೈರಿನ ತುದಿ ಎಲ್ಲ ಬೇಗ ತುಕ್ಕು ಹಿಡಿಯುತ್ತವೆ, ಹಾಗಾಗಿ ಇಂಥ ಕಡೆ ಇನ್ನೂ ಹೆಚ್ಚು ನೋಡಿಕೊಳ್ಳಬೇಕು. ಸೋರುವ ಕರೆಂಟನ್ನು ಗುರುತಿಸಿ ತಾನೇ ಲೈನ್ ಕಡಿಯುವ ಆರ್‌ಸಿಸಿಬಿ ಅನ್ನುವ ಸ್ವಿಚ್ ಇದೆ, ಜನರ ಜೀವಕ್ಕೆ ಅಂತ ಹಾಕುವುದು ಸಾಮಾನ್ಯವಾಗಿ ತೀರಾ ಸಣ್ಣ ಸೋರಿಕೆಗೂ ಕಡಿಯುವ 30 ಮಿಲಿಆಂಪಿಯರ್‌ನದ್ದು. ಅದು ಸಾಮಾನ್ಯವಾಗಿ ಮೀಟರ್ ಬೋರ್ಡಿನ ಹತ್ತಿರ ಇರುತ್ತದೆ, ಅದರ ಮೇಲೆ ಟೆಸ್ಟ್ ಅನ್ನುವ ಒಂದು ಗುಂಡಿ ಇರುತ್ತದೆ. ಈಗ ನಾನು ಎಲ್ಲೇ ಹೋದರೂ ಅದಿದೆಯಾ ಅಂತ ಕೇಳುತ್ತೇನೆ. ಕೇಳಲು ಸಂಕೋಚಪಡಬೇಡಿ. ಅವರಿಗೆ ಗೊತ್ತಿಲ್ಲದಿದ್ದರೆ ಗೀಸರ್ ಆಫ್ ಮಾಡಿಬಿಡಿ, ಸೆಕೆ ನಾಡಿನಲ್ಲಿ ತಣ್ಣೀರು ಅಷ್ಟೇನೂ ತಣ್ಣಗಿರುವುದಿಲ್ಲ. ಮಧ್ಯಾಹ್ನ ಎರಡಕ್ಕೆ ಓವರ್‌ಹೆಡ್ ಟ್ಯಾಂಕಿನ ನೀರು ತಾನಾಗಿಯೇ ಬಿಸಿಯಾಗಿರುತ್ತದೆ.

ಕೋಣೆ ಬದಲಾದದ್ದು ಅಲ್ಲಿ ಕೆಲಸ ಮಾಡುವ ಅಕ್ಕನಿಂದ. ನಾಲ್ಕನೇ ದಿನ ಬೆಳಿಗ್ಗೆ ಕಸ ಗುಡಿಸಲು ಬಂದವರು ನನ್ನ ಮುಖ ನೋಡಿ "ನಿದ್ದೆ ಬಂದಿಲ್ಲ ಅಲ್ವಾ?" ಅಂದರು. ಇಲ್ಲ ಅಂದೆ. "ಹಿಂದಿನ ಕೋಣೆ ಖಾಲಿ ಇದೆ, ಒಂದ್ಸಲ ಬಂದು ನೋಡಿ." ಹೋದೆ. ಎದುರುಬದುರು ಎರಡು ಕಿಟಕಿ, ಎರಡಕ್ಕೂ ಸೊಳ್ಳೆ ಮೆಶ್. ಅವರು ಬಾಗಿಲ ಹತ್ತಿರ ನಿಂತು ಏನೂ ಹೇಳಲಿಲ್ಲ, ಎರಡೂ ಕಿಟಕಿ ತೆಗೆದು ಸುಮ್ನೆ ನಿಂತರು. ಗೋಡೆಗೆ ತೂಗುಹಾಕಿದ್ದ ಹಳೇ ಕ್ಯಾಲೆಂಡರಿನ ಹಾಳೆ ತಾನಾಗಿ ಎದ್ದು ಬಿತ್ತು, ಎದ್ದು ಬಿತ್ತು. ನಾನು ಚೀಲ ತರಲು ಮೇಲೆ ಓಡಿದೆ. ಬಚ್ಚಲಲ್ಲಿ ಗೀಸರ್ ಇರಲಿಲ್ಲ, ನನಗೆ ಅದೇ ನೆಮ್ಮದಿ.

ಆ ಕೋಣೆಯಲ್ಲಿ ಮಂಚದ ಮೇಲೆ ಸೊಳ್ಳೆ ಪರದೆ ಇತ್ತು. ಬಿಳಿಯದು, ಒಗೆದು ಒಗೆದು ತೆಳುವಾಗಿತ್ತು. ತಲೆಯ ಕಡೆ ಒಂದು ರೂಪಾಯಿ ನಾಣ್ಯದಷ್ಟು ಅಗಲದ ತೂತು ಯಾವಾಗಲೋ ಆಗಿದ್ದಿರಬೇಕು, ಅದನ್ನು ಕೆಂಪು ದಾರದಲ್ಲಿ ಹೊಲಿದಿದ್ದರು. ಹತ್ತಿರದಿಂದ ನೋಡಿದೆ. ಸುಮ್ನೆ ಎಳೆದು ಗಂಟು ಹಾಕಿರಲಿಲ್ಲ. ಅಡ್ಡ ಎಳೆ, ಉದ್ದ ಎಳೆ ಒಂದರ ಕೆಳಗೊಂದು ಹಾಯಿಸಿ, ಜಾಲರಿಯ ಒಳಗೆ ಇನ್ನೊಂದು ಪುಟ್ಟ ಜಾಲರಿ ನೇಯ್ದ ಹಾಗೆ. ದಿಂಬಿಗೆ ತಲೆ ಕೊಟ್ಟರೆ ಕಣ್ಣಿಗೆ ನೇರ ಅದೇ ಕಾಣುತ್ತಿತ್ತು. ಬಿಳಿ ದಾರ ಸಿಗಲಿಲ್ಲ ಅಂತ ಅಕ್ಕ ಆಮೇಲೆ ಹೇಳಿದರು. ಎಂಟು ರಾತ್ರಿಯಲ್ಲಿ ಒಂದು ಸೊಳ್ಳೆಯೂ ಒಳಗೆ ಬರಲಿಲ್ಲ.

ಪರದೆಯ ಅಂಚನ್ನು ಹಾಸಿಗೆಯ ಅಡಿಗೆ ಸುತ್ತಲೂ ಸಿಕ್ಕಿಸಬೇಕು, ಇಳಿಬಿಟ್ಟರೆ ಇದ್ದೂ ಇಲ್ಲದ ಹಾಗೆ. ಕೈಯೋ ಕಾಲೋ ಪರದೆಗೆ ತಾಗಿಕೊಂಡಿದ್ದರೆ ಹೊರಗಿನಿಂದಲೇ ಕಚ್ಚುತ್ತವೆ. ಇದು ಕಿರಿಕಿರಿ ತಪ್ಪಿಸಿಕೊಳ್ಳಲು ಮಾತ್ರ ಅಂತ ತಿಳಿಯಬೇಡಿ. 1897ರ ಆಗಸ್ಟ್‌ನಲ್ಲಿ ಸಿಕಂದರಾಬಾದ್‌ನಲ್ಲಿ ರೊನಾಲ್ಡ್ ರಾಸ್ ಎಂಬ ಬ್ರಿಟಿಷ್ ವೈದ್ಯರು ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ಪರಾವಲಂಬಿಯನ್ನು ಕಂಡರು, ಆ ಜಾತಿಯ ಅನಾಫಿಲಿಸ್ ಸೊಳ್ಳೆ ಕಚ್ಚುವುದು ಹೆಚ್ಚಾಗಿ ರಾತ್ರಿ. ಡೆಂಗಿ ತರುವ ಈಡಿಸ್ ಹಗಲಿನದ್ದು, ಬೆಳಿಗ್ಗೆ ಮತ್ತು ಸಂಜೆಗೆ ಮುಂಚೆ ಅದರ ಹಾವಳಿ ಜಾಸ್ತಿ. ಹಾಗಾಗಿ ಮಧ್ಯಾಹ್ನದ ನಿದ್ದೆಗೂ ಪರದೆ ಇಳಿಸಿಕೊಳ್ಳಿ. ಸೊಳ್ಳೆಗಳಿಗೆ ಜೋರು ಗಾಳಿಯಲ್ಲಿ ಹಾರಲು ಕಷ್ಟ, ಫ್ಯಾನ್ ನೇರ ಮೈಮೇಲೆ ಬಂದರೆ ಅದೂ ಒಂದು ಕಾವಲು. ಗಾಳಿ ನಿಂತುಹೋಗುವ ಆ ಮುಸ್ಸಂಜೆಯ ಹೊತ್ತಲ್ಲಿ ಕಾಲು ಮುಚ್ಚುವ ಬಟ್ಟೆ ಹಾಕಿಕೊಳ್ಳಿ. ಭೂಮಧ್ಯರೇಖೆಗೆ ಹತ್ತಿರ ಹೋದಷ್ಟೂ ಸೂರ್ಯ ನೆಟ್ಟಗೆ ಇಳಿಯುತ್ತಾನೆ, ಮುಳುಗಿ ಅರ್ಧ ಗಂಟೆಯೊಳಗೆ ಕತ್ತಲು. ಕೋಣೆಗೆ ಹೋಗಿ ಬಟ್ಟೆ ಬದಲಾಯಿಸೋಣ ಅಂದುಕೊಳ್ಳುವಷ್ಟರಲ್ಲಿ ಕಾಲೆಲ್ಲ ಗುಳ್ಳೆ.

ಹಲ್ಲಿಗಳ ಬಗ್ಗೆ ಕೇಳುವವರಿದ್ದಾರೆ. ಇದ್ದವು. ಟ್ಯೂಬ್‌ಲೈಟ್ ಹಿಂದೆ ಎರಡು, ಬಚ್ಚಲಲ್ಲಿ ಒಂದು. ಹುಳ ಹುಪ್ಪಟೆ ತಿಂದುಕೊಂಡು ಅವುಗಳ ಪಾಡಿಗೆ ಅವು ಇರುತ್ತವೆ, ಇರಲಿ ಬಿಡಿ. ನೀರಿನ ಲೋಟ ಮುಚ್ಚಿಡಿ, ಅಷ್ಟು ಸಾಕು. ಇರುವೆಗೂ ಇದೇ ಮಾತು, ಚೀಲದಲ್ಲಿ ತಿಂಡಿ ಬಿಚ್ಚಿಡಬೇಡಿ.

ತಿಗಣೆ ಮಾತ್ರ ಹಾಗಲ್ಲ. ಇಲ್ಲಿ ಇರಲಿಲ್ಲ, ಆದರೆ ಹಿಂದೊಮ್ಮೆ ಬೇರೆ ಕಡೆ ಇಂಥದ್ದೇ ಕೋಣೆಯಿಂದ ಮನೆಗೆ ತಂದುಕೊಂಡು ಎರಡು ತಿಂಗಳು ಅನುಭವಿಸಿದ್ದೇನೆ. ರೋಗ ಹರಡುವುದಿಲ್ಲ ಅನ್ನುತ್ತಾರೆ, ನಿಜ, ಆದರೆ ನಿದ್ದೆ ಹಾಳು, ನೆಮ್ಮದಿ ಹಾಳು. ರಕ್ತ ಸಿಗದಿದ್ದರೂ ತಿಂಗಳುಗಟ್ಟಲೆ ಬದುಕುತ್ತವೆ, ಖಾಲಿ ಬಿದ್ದ ಕೋಣೆಯಲ್ಲಿ ಇರಲ್ಲ ಅಂದುಕೊಳ್ಳುವ ಹಾಗಿಲ್ಲ. ಈಗ ನಾನು ಕೋಣೆಗೆ ಹೋದ ಕೂಡಲೇ ಚೀಲವನ್ನು ಬಚ್ಚಲಿನ ಒಣ ನೆಲದ ಮೇಲಿಟ್ಟು, ಮೊಬೈಲ್ ಟಾರ್ಚ್ ಹಾಕಿ ಹಾಸಿಗೆಯ ನಾಲ್ಕೂ ಮೂಲೆಯ ಹೊಲಿಗೆ ಬಿಡಿಸಿ ನೋಡುತ್ತೇನೆ, ಆಮೇಲೆ ಮಂಚದ ತಲೆಹಲಗೆಯ ಸಂದಿ. ಪೆನ್ನಿನ ಮೊನೆ ಒತ್ತಿದ ಹಾಗೆ ಕಪ್ಪು ಚುಕ್ಕೆಗಳ ಗುಂಪು ಕಂಡರೆ ಅಲ್ಲಿ ಒಂದು ರಾತ್ರಿಯೂ ಇರಬೇಡಿ. ಮುಂಗಡ ಹೋದರೆ ಹೋಗಲಿ.

ಆರನೇ ದಿನ ಮಳೆ ಹಿಡಿಯಿತು, ಮೂರು ದಿನ ಬಿಡಲಿಲ್ಲ. ಒಗೆದ ಬಟ್ಟೆ ಒಣಗದೆ, ಟವೆಲ್ ಒಣಗದೆ, ಚರ್ಮದ ಬೆಲ್ಟಿನ ಮೇಲೆ ಹಸಿರು ಬಂದು, ಬೆಂಕಿಕಡ್ಡಿ ಕೂಡ ಹತ್ತಲಿಲ್ಲ. ಇದು ಯಾರ ತಪ್ಪೂ ಅಲ್ಲ. ತೆಳು ಹತ್ತಿ ಟವೆಲ್ ತಗೊಂಡು ಹೋಗಿ, ದಪ್ಪ ಟವೆಲ್ ಅಲ್ಲಿ ಒಣಗುವುದೇ ಇಲ್ಲ. ಒದ್ದೆ ಬಟ್ಟೆಯನ್ನು ಬಚ್ಚಲಲ್ಲಿ ಹರಡದೆ ಫ್ಯಾನ್ ಕೆಳಗೆ, ಒಂದಕ್ಕೊಂದು ತಾಗದ ಹಾಗೆ ಹರಡಿ. ಮೇಲಿನ ಮಹಡಿಗೆ ಬಂದ ಒಂದು ಜೋಡಿ ಮಳೆಯ ಎರಡನೇ ದಿನವೇ ವಾಸನೆ ತಡೆಯಲಾರದೆ ಖಾಲಿ ಮಾಡಿಕೊಂಡು ಹೋದರು. ನನ್ನ ಕೋಣೆಯಲ್ಲೂ ಎಲ್ಲ ತಣ್ಣಗೆ ಒದ್ದೆಯಾಗಿತ್ತು, ಆದರೆ ಗಾಳಿ ಆಡುತ್ತಿದ್ದರಿಂದ ವಾಸನೆ ಕೂರಲಿಲ್ಲ.

ಮಳೆ ನಿಂತ ಬೆಳಿಗ್ಗೆ ಅಕ್ಕ ಕಸಬರಿಗೆ ಹಿಡಿಯುವ ಮೊದಲು ಹಿತ್ತಲೆಲ್ಲ ಒಂದು ಸುತ್ತು ಹಾಕಿದರು. ಹೂಕುಂಡದ ತಟ್ಟೆ, ಒಡೆದ ಬಕೆಟ್, ಮೂಲೆಯಲ್ಲಿ ಬಿದ್ದಿದ್ದ ಟೈರು, ಕಂಡ ಕಂಡಲ್ಲಿ ನೀರು ಚೆಲ್ಲಿ ಬೋರಲು ಹಾಕುತ್ತಾ ಹೋದರು. ಈಡಿಸ್ ಮೊಟ್ಟೆ ಸೊಳ್ಳೆಯಾಗಲು ಇಂಥ ಸೆಕೆಯಲ್ಲಿ ಸುಮಾರು 7ರಿಂದ 10 ದಿನ ಸಾಕು, ಒಂದು ಮುಚ್ಚಳದಷ್ಟು ನೀರಿದ್ದರೂ ಆಗುತ್ತದೆ. ಇದನ್ನು ಮಾಡಿ ಅಂತ ಮಾಲೀಕರು ಹೇಳಿದ್ದಾರಾ ಅಂತ ಕೇಳಿದೆ. "ಯಾರೂ ಹೇಳಿಲ್ಲ, ನನ್ನ ಮಗಳಿಗೆ ಒಂದ್ಸಲ ಡೆಂಗಿ ಆಗಿತ್ತು" ಅಂದರು, ಮುಂದಿನ ತಟ್ಟೆ ಎತ್ತುತ್ತಾ.

ಹೊರಡುವ ದಿನ ಮಾಲೀಕರ ಹತ್ತಿರ ಗೀಸರ್ ವಿಷಯ ಮತ್ತೆ ಎತ್ತಿದೆ, ಈ ಸಲ ಅವರು ಬೋರ್ಡಿನ ಹತ್ತಿರ ಬರುವವರೆಗೂ ಬಿಡಲಿಲ್ಲ. ಆರ್‌ಸಿಸಿಬಿ ಇರಲಿಲ್ಲ. ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿ ನನ್ನೆದುರೇ ಬರಲು ಹೇಳಿದರು. ಆಮೇಲೆ ಕೋಣೆಗೆ ಹೋಗಿ ಚೀಲ ಕಟ್ಟಿದೆ, ಪರದೆ ಮೇಲೆತ್ತಿ ಗಂಟು ಹಾಕಿದೆ, ಬಚ್ಚಲಿನ ಬಕೆಟ್ ಬೋರಲು ಹಾಕಿ, ಎರಡೂ ಕಿಟಕಿ ತೆಗೆದಿಟ್ಟೇ ಬೀಗದ ಕೈ ಅಕ್ಕನಿಗೆ ಕೊಟ್ಟೆ.