ಸಹೋದ್ಯೋಗಿಗಳ 401ಕೆಗೆ ಸಲಹೆಗಾರರನ್ನು ಆರಿಸಿದ ದಿನ

ನ್ಯೂಜೆರ್ಸಿಯ ನಮ್ಮ ಕಂಪನಿಯಲ್ಲಿ 401ಕೆ ಖಾತೆ, ಅಂದರೆ ಸಂಬಳದಿಂದ ಕಡಿತ ಮಾಡಿ ನಿವೃತ್ತಿಗೆಂದು ಹೂಡುವ ಖಾತೆ, ಇರುವವರು 85 ಮಂದಿ. ಎಲ್ಲರದ್ದೂ ಸೇರಿ ಸುಮಾರು 60 ಲಕ್ಷ ಡಾಲರ್. ಅರ್ಧದಷ್ಟು ಜನ ಗೋದಾಮು ಮತ್ತು ಪ್ಯಾಕಿಂಗ್ ವಿಭಾಗದವರು. ಉಳಿದವರಲ್ಲಿ ಹೆಚ್ಚಿನವರು ಎಚ್‌-1ಬಿ ವೀಸಾದ ಮೇಲೆ ಬಂದ ಎಂಜಿನಿಯರುಗಳು. ಅವರಲ್ಲಿ ಮೈಸೂರು, ಹಾಸನ, ಬೆಂಗಳೂರಿನವರೂ ಇದ್ದಾರೆ. ಈ ಹಣದ ಹೂಡಿಕೆಗೆ ಮೊದಲಿದ್ದ ಸಲಹೆಗಾರರು ವೃತ್ತಿಯಿಂದ ನಿವೃತ್ತರಾದರು. ಹೊಸಬರನ್ನು ಹುಡುಕುವ ಕೆಲಸ ನಮ್ಮ ಸಮಿತಿಗೆ ಬಂತು. ಹಣಕಾಸು, ಎಚ್‌ಆರ್, ಗೋದಾಮು, ಎಂಜಿನಿಯರಿಂಗ್‌ ವಿಭಾಗಗಳಿಂದ ತಲಾ ಒಬ್ಬರಿರುವ ಸಮಿತಿ ಅದು. ಮೂವರನ್ನು ಒಂದೇ ದಿನ ಕರೆದು, ಒಬ್ಬೊಬ್ಬರಿಗೆ ಒಂದು ಗಂಟೆ ಕೊಟ್ಟೆವು.

ಇದನ್ನು ಕಚೇರಿಗೆ ಕಾಫಿ ಯಂತ್ರ ತರಿಸುವ ಹಾಗೆ ಮಾಡುವಂತಿಲ್ಲ. ಅಮೆರಿಕದಲ್ಲಿ 1974ರಿಂದ ಜಾರಿಯಲ್ಲಿರುವ ಎರಿಸಾ ಕಾಯ್ದೆಯ ಪ್ರಕಾರ ಸಮಿತಿಯವರು ಫಿಡ್ಯೂಷಿಯರಿಗಳು, ಅಂದರೆ ನೌಕರರ ಹಿತವನ್ನೇ ಮುಂದಿಟ್ಟುಕೊಂಡು ನಡೆಯಬೇಕೆಂದು ಕಾನೂನು ಕಟ್ಟಿಹಾಕಿದವರು. ಅಸಡ್ಡೆಯಿಂದ 401ಕೆ ಯೋಜನೆಗೆ ನಷ್ಟವಾದರೆ ಸ್ವಂತ ಜೇಬಿನಿಂದ ತುಂಬಿಕೊಡಬೇಕಾಗಬಹುದು. ಸಲಹೆಗಾರರನ್ನು ಆರಿಸುವುದೂ ಈ ಹೊಣೆಯೊಳಗೇ ಬರುತ್ತದೆ. ಅತಿ ಅಗ್ಗದವರನ್ನೇ ಹಿಡಿಯಬೇಕೆಂದು ಕಾನೂನು ಹೇಳುವುದಿಲ್ಲ. ಕೊಡುವ ಹಣಕ್ಕೂ ಸಿಗುವ ಕೆಲಸಕ್ಕೂ ಹೊಂದಿಕೆ ಇರಬೇಕು, ಹೇಗೆ ತೀರ್ಮಾನಿಸಿದೆವು ಎಂಬುದು ಬರಹದಲ್ಲಿ ಉಳಿದಿರಬೇಕು. ಆ ದಿನ ಎಚ್‌ಆರ್‌ನವರು ಬೆಳಿಗ್ಗೆಯಿಂದಲೇ ಟಿಪ್ಪಣಿ ಬರೆದುಕೊಳ್ಳುತ್ತಿದ್ದುದು ಇದಕ್ಕಾಗಿಯೇ.

ಸಂದರ್ಶನಕ್ಕೆ ಮೂರು ವಾರ ಮೊದಲೇ ಎಲ್ಲರಿಗೂ ಒಂದೇ ಹಾಳೆ ಕಳಿಸಿದ್ದೆವು: ಯೋಜನೆಯ ಒಟ್ಟು ಮೊತ್ತ, ಖಾತೆದಾರರ ಸಂಖ್ಯೆ, ವರ್ಷಕ್ಕೆ ಜಮೆಯಾಗುವ ಹಣ, ಈಗಿರುವ ಫಂಡುಗಳು, ಅವುಗಳ ಖರ್ಚಿನ ದರ. ಉತ್ತರವೂ ನಾವು ಕೊಟ್ಟ ನಮೂನೆಯಲ್ಲೇ ಬರಬೇಕೆಂದು ಕೇಳಿದ್ದೆವು. ಅವರವರ ಬಣ್ಣಬಣ್ಣದ ಪುಸ್ತಿಕೆಗಳನ್ನು ಪಕ್ಕಪಕ್ಕ ಇಟ್ಟರೆ ಹೋಲಿಸಲು ಏನೂ ಸಿಗುವುದಿಲ್ಲ. ಷೇರುಪೇಟೆ ನಿಯಂತ್ರಕ ಎಸ್‌ಇಸಿಗೆ ಅವರು ಸಲ್ಲಿಸಿದ ಎಡಿವಿ ಎಂಬ ವಿವರಪತ್ರ ಮತ್ತು ಷೇರು ದಲ್ಲಾಳಿಗಳ ಮೇಲೆ ನಿಗಾ ಇಡುವ ಫಿನ್ರಾ ಸಂಸ್ಥೆಯ ಬ್ರೋಕರ್‌ಚೆಕ್ ದಾಖಲೆ, ಎರಡೂ ಪುಕ್ಕಟೆಯಾಗಿ ಸಿಗುತ್ತವೆ. ಅವನ್ನು ಮೊದಲೇ ಓದಿದ್ದೆವು. ಶಿಸ್ತುಕ್ರಮ, ಗ್ರಾಹಕರ ದೂರು, ಬೇರೆ ಕಂಪನಿಗಳಿಂದ ಬರುವ ಆದಾಯ, ಎಲ್ಲವೂ ಅಲ್ಲಿರುತ್ತದೆ. ಹೆಸರಿನ ಮುಂದಿನ ಪದವಿಯಕ್ಷರಗಳಿಗಿಂತ ಈ ಎರಡು ದಾಖಲೆಗಳು ಹೆಚ್ಚು ಹೇಳುತ್ತವೆ.

ಮೂವರಿಗೂ ಕೇಳಿದ ಮೊದಲ ಪ್ರಶ್ನೆ ಒಂದೇ: ನಿಮಗೆ ದುಡ್ಡು ಯಾರಿಂದ, ಎಷ್ಟು, ಯಾವ ದಾರಿಯಲ್ಲಿ ಬರುತ್ತದೆ?

ಮೊದಲನೆಯವರು ಒಟ್ಟು ಮೊತ್ತದ ಶೇ 0.50 ಕೇಳಿದರು. ನಮ್ಮ ಲೆಕ್ಕಕ್ಕೆ ವರ್ಷಕ್ಕೆ 30,000 ಡಾಲರ್, ತಲೆಗೆ ಸುಮಾರು 353. ಎರಡನೆಯವರದು ನಿಗದಿತ ಶುಲ್ಕ, ವರ್ಷಕ್ಕೆ 18,000. ಮೂರನೆಯವರು ಕಂಪನಿ ಏನೂ ಕೊಡಬೇಕಾಗಿಲ್ಲ ಎಂದರು. ಕೆದಕಿ ಕೇಳಿದಾಗ, ಅವರು ಸೂಚಿಸುವ ಫಂಡುಗಳ ಖರ್ಚಿನೊಳಗಿಂದ 12ಬಿ-1 ಎಂಬ ಹೆಸರಲ್ಲಿ ಸರಾಸರಿ ಶೇ 0.40 ಅವರಿಗೆ ಹೋಗುತ್ತದೆ ಎಂದು ಗೊತ್ತಾಯಿತು. ಅಂದರೆ 24,000 ಡಾಲರ್. ಬಿಲ್ಲು ಕಂಪನಿಗೆ ಬರುವುದಿಲ್ಲ, ನೌಕರರ ಖಾತೆಯಲ್ಲಿ ಕಾಣದಂತೆ ಕತ್ತರಿಸಿ ಹೋಗುತ್ತದೆ. ಅದೇ ಫಂಡಿನ ಅಗ್ಗದ ಷೇರು ವರ್ಗ (ಹೂಡಿಕೆ ಅದೇ, ಖರ್ಚಿನ ದರ ಮಾತ್ರ ಕಡಿಮೆ) ಸಿಗುವಾಗಲೂ ದುಬಾರಿ ವರ್ಗವನ್ನೇ ಸೂಚಿಸುವ ಆಸೆ ಇಲ್ಲಿಂದಲೇ ಹುಟ್ಟುತ್ತದೆ.

ಶೇಕಡಾವಾರು ಶುಲ್ಕದ ತೊಂದರೆ ಬೇರೆ. ಮೊತ್ತ ಒಂದು ಕೋಟಿ ಇಪ್ಪತ್ತು ಲಕ್ಷಕ್ಕೆ ಏರಿದರೆ ಶುಲ್ಕ 60,000 ಆಗುತ್ತದೆ. ಸಭೆಗಳು ಅಷ್ಟೇ, ವರದಿಗಳೂ ಅಷ್ಟೇ. ಆ ದಾರಿಯನ್ನೇ ಒಪ್ಪುವುದಾದರೆ ಮೊತ್ತ ಏರಿದಂತೆ ದರ ಇಳಿಯುವ ಹಂತಗಳನ್ನು ಒಪ್ಪಂದದಲ್ಲೇ ಬರೆಸಬೇಕು.

ಇಷ್ಟು ಸಣ್ಣ ಶೇಕಡಾಗಳಿಗೆ ಯಾಕಿಷ್ಟು ಗುದ್ದಾಟ ಎನ್ನುವವರಿಗೆ ಅಮೆರಿಕದ ಕಾರ್ಮಿಕ ಇಲಾಖೆ ಕೊಡುವ ಲೆಕ್ಕವೊಂದಿದೆ. ಖಾತೆಯಲ್ಲಿ 25,000 ಡಾಲರ್, ನಿವೃತ್ತಿಗೆ 35 ವರ್ಷ, ಶೇ 7 ಗಳಿಕೆ, ಮುಂದೆ ಒಂದು ಡಾಲರನ್ನೂ ಹಾಕುವುದಿಲ್ಲ ಎಂದುಕೊಳ್ಳಿ. ಖರ್ಚು ಶೇ 0.5 ಇದ್ದರೆ ಕೊನೆಗೆ 2,27,000 ಸಿಗುತ್ತದೆ. ಶೇ 1.5 ಇದ್ದರೆ 1,63,000. ಒಂದು ಶೇಕಡಾ ವ್ಯತ್ಯಾಸಕ್ಕೆ ಕಾಲು ಭಾಗಕ್ಕಿಂತ ಹೆಚ್ಚು ಹಣ ಹೋಯಿತು. ಗೋದಾಮಿನ ಪ್ರತಿನಿಧಿ ಈ ಲೆಕ್ಕದ ಹಾಳೆಯನ್ನು ಮೇಜಿನ ಮೇಲಿಟ್ಟುಕೊಂಡೇ ಕೂತಿದ್ದರು.

ಬಾಯಿಮಾತಿನ ಉತ್ತರ ಸಾಲದು. ಎರಿಸಾದ 408(ಬಿ)(2) ನಿಯಮದಡಿ 2012ರಿಂದ, ಯೋಜನೆಯಿಂದ 1,000 ಡಾಲರ್ ಅಥವಾ ಹೆಚ್ಚು ಪಡೆಯುವ ಸಲಹೆಗಾರರು ನೇರ ಮತ್ತು ಪರೋಕ್ಷ ಆದಾಯ ಎರಡನ್ನೂ ಒಪ್ಪಂದಕ್ಕೆ ಮೊದಲೇ ಬರಹದಲ್ಲಿ ತಿಳಿಸಬೇಕು. ಸಂದರ್ಶನಕ್ಕೆ ಬರುವಾಗಲೇ ಈ ಪತ್ರ ತನ್ನಿ ಎಂದಿದ್ದೆವು. ತಂದವರು ಇಬ್ಬರು.

ಎರಡನೆಯ ಪ್ರಶ್ನೆ ಹೊಣೆಯದು. ಎರಿಸಾದಲ್ಲಿ 3(21)ನೇ ಕಲಮಿನ ಹೊಣೆ ಎಂದರೆ ಸಲಹೆಗಾರರು ಸೂಚಿಸುತ್ತಾರೆ, ತೀರ್ಮಾನ ಸಮಿತಿಯದು. 3(38) ಎಂದರೆ ಫಂಡುಗಳನ್ನು ಆರಿಸುವ, ತೆಗೆದುಹಾಕುವ ಅಧಿಕಾರವೇ ಅವರದು, ಆ ತೀರ್ಮಾನಗಳ ಹೊಣೆಯೂ ಅವರದು. ತಾವು ಫಿಡ್ಯೂಷಿಯರಿ ಎಂದು ಬರಹದಲ್ಲಿ ಒಪ್ಪಿಕೊಳ್ಳಲೇಬೇಕು. ನಮ್ಮ ಸಮಿತಿಯಲ್ಲಿ ಹೂಡಿಕೆ ತಜ್ಞರು ಯಾರೂ ಇಲ್ಲ. ತಜ್ಞರಿಲ್ಲದ ಸಣ್ಣ ಕಂಪನಿಗೆ 3(38) ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ. ಹಾಗೆಂದು ಸಮಿತಿ ಕೈತೊಳೆದುಕೊಳ್ಳುವಂತಿಲ್ಲ, ಅವರ ಮೇಲೆ ಕಣ್ಣಿಡುವ ಕೆಲಸ ನಮ್ಮದೇ. ಫಂಡುಗಳನ್ನು ಆರಿಸಿದ ಮೇಲೂ ಅವುಗಳ ಮೇಲೆ ನಿಗಾ ಇಡುವುದು ಮುಂದುವರಿಯುವ ಕರ್ತವ್ಯ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 2015ರ ಟಿಬಲ್ ಪ್ರಕರಣದಲ್ಲಿ ಹೇಳಿದೆ. ಮೂರನೆಯವರು ಯಾವ ಹೊಣೆಗೂ ಸಹಿ ಹಾಕಲು ಸಿದ್ಧರಿರಲಿಲ್ಲ. ಅವರ ವಿಚಾರ ಅಲ್ಲಿಗೇ ಮುಗಿಯಿತು.

ಮಧ್ಯಾಹ್ನದ ಚರ್ಚೆಯಲ್ಲಿ ಹೆಚ್ಚು ಹೊತ್ತು ತೆಗೆದುಕೊಂಡದ್ದು ಕಂಪನಿ ಬಿಟ್ಟು ಹೋಗುವವರ ವಿಷಯ. ಕೆಲಸ ಬಿಟ್ಟವರ ಹಣವನ್ನು ತಾವು ನೋಡಿಕೊಳ್ಳುವ ಐಆರ್‌ಎಗೆ, ಅಂದರೆ ಆ ನೌಕರರ ವೈಯಕ್ತಿಕ ನಿವೃತ್ತಿ ಖಾತೆಗೆ, ಎಳೆದುಕೊಂಡು, ಅಲ್ಲಿ ಶೇ 1ರಷ್ಟು ಶುಲ್ಕ ಹಾಕುವ ಸಲಹೆಗಾರರಿದ್ದಾರೆ. ನಮ್ಮಲ್ಲಿ ಬಿಟ್ಟು ಹೋಗುವವರಲ್ಲಿ ಹಲವರು ಭಾರತಕ್ಕೆ ಮರಳುತ್ತಾರೆ. ಅವರಿಗೆ ಏನು ಹೇಳುತ್ತೀರಿ ಎಂದು ಕೇಳಿದೆವು. ಮೊದಲನೆಯವರು ಎಲ್ಲರಿಗೂ ಐಆರ್‌ಎ ಒಳ್ಳೆಯದು ಎಂದುಬಿಟ್ಟರು. ಎರಡನೆಯವರು ಕೂತು ಬಿಡಿಸಿ ಹೇಳಿದರು. ಖಾತೆಯಲ್ಲಿ 7,000 ಡಾಲರಿಗಿಂತ ಹೆಚ್ಚಿದ್ದರೆ ಹಣವನ್ನು ಯೋಜನೆಯಲ್ಲೇ ಬಿಡುವ ಹಕ್ಕು ಅವರಿಗಿದೆ. ಅದಕ್ಕಿಂತ ಕಡಿಮೆ ಇದ್ದರೆ ಯೋಜನೆಯೇ ಹೊರಗೆ ಹಾಕಬಹುದು. ಆಗ ನೋಟಿಸು ಹೋಗುವುದು ನ್ಯೂಜೆರ್ಸಿಯ ಎಡಿಸನ್ ಊರಿನ ಹಳೆಯ ಬಾಡಿಗೆ ಮನೆಯ ವಿಳಾಸಕ್ಕೆ, ಅವರಿರುವುದು ಬೆಂಗಳೂರಿನಲ್ಲಿ. ಆದ್ದರಿಂದ ಹೊರಡುವ ಮೊದಲು ವಿಳಾಸ, ಸ್ವಂತ ಇಮೇಲ್, ನಾಮಿನಿ ಸರಿಪಡಿಸಿಕೊಳ್ಳಬೇಕು. ಐವತ್ತೊಂಬತ್ತೂವರೆ ವಯಸ್ಸಿಗೆ ಮೊದಲು ತೆಗೆದರೆ ಸಾಮಾನ್ಯವಾಗಿ ತೆರಿಗೆಯಲ್ಲದೆ ತೆಗೆದ ಹಣಕ್ಕೆ ಶೇ 10 ದಂಡ. ವಿದೇಶಿ ವಿಳಾಸದವರಿಂದ ಹೊಸ ಹೂಡಿಕೆ ಒಪ್ಪದ ಫಂಡ್ ಕಂಪನಿಗಳು ಹಲವಿವೆ, ಹಾಗಾಗಿ ಐಆರ್‌ಎಗೆ ಸಾಗಿಸಿ ಹೋದವರು ಅಲ್ಲಿ ಸಿಕ್ಕಿಕೊಳ್ಳಬಹುದು.

ಭಾರತದ ತೆರಿಗೆಯ ಬಗ್ಗೆ ಅವರು ಸಲಹೆ ಕೊಡಲಿಲ್ಲ, ಚಾರ್ಟರ್ಡ್ ಅಕೌಂಟೆಂಟ್ ಬಳಿ ಹೋಗಿ ಎಂದರು. ಅದೇ ಸರಿ. 1961ರ ಆದಾಯ ತೆರಿಗೆ ಕಾಯ್ದೆಗೆ 2021ರಲ್ಲಿ ಸೇರಿದ 89ಎ ಕಲಮು, ಅಮೆರಿಕದ ಇಂಥ ಖಾತೆಯ ವಾರ್ಷಿಕ ಗಳಿಕೆಗೆ ಭಾರತದ ತೆರಿಗೆಯನ್ನು ಹಣ ತೆಗೆಯುವ ವರ್ಷದವರೆಗೆ ಮುಂದೂಡಲು ಅವಕಾಶ ಕೊಟ್ಟಿತು. ಅದಕ್ಕೆ 10-ಇಇ ಫಾರ್ಮ್ ಸಮಯಕ್ಕೆ ಸರಿಯಾಗಿ ಸಲ್ಲಿಸಬೇಕಿತ್ತು. ನ್ಯೂಜೆರ್ಸಿಯ ಸಲಹೆಗಾರರಿಂದ ಇದನ್ನೆಲ್ಲ ನಿರೀಕ್ಷಿಸಬೇಕಿಲ್ಲ. ತನ್ನ ಗಡಿ ಎಲ್ಲಿದೆ ಎಂದು ಗೊತ್ತಿದ್ದರೆ ಸಾಕು.

ಇದರ ಜೊತೆಗೇ ವೆಸ್ಟಿಂಗ್ ಮಾತೂ ಬಂತು. ಕಂಪನಿ ಹಾಕುವ ಪಾಲು ನೌಕರರದಾಗಲು ಆರು ವರ್ಷದ ಹಂತಗಳನ್ನು ಇಡಲು ಕಾನೂನಿನಲ್ಲಿ ಅವಕಾಶವಿದೆ. ಆ ಪಟ್ಟಿಯಲ್ಲಿ ಮೂರು ವರ್ಷಕ್ಕೆ ಸಿಗುವುದು ಶೇ 40 ಮಾತ್ರ. ಎಚ್‌-1ಬಿಯ ಸಾಮಾನ್ಯ ಮಿತಿಯೂ ಆರೇ ವರ್ಷ. ಸೇಫ್ ಹಾರ್ಬರ್ ಮ್ಯಾಚ್‌ಗೆ, ಅಂದರೆ ಸಂಬಳದ ಮೊದಲ ಶೇ 3ಕ್ಕೆ ಪೂರ್ತಿ, ಮುಂದಿನ ಶೇ 2ಕ್ಕೆ ಅರ್ಧ ಕೊಡುವ ಪದ್ಧತಿಗೆ, ಬದಲಾದರೆ ಅದು ಅಂದೇ ಪೂರ್ತಿ ನೌಕರರದು. ಈ ಬದಲಾವಣೆಯ ಖರ್ಚಿನ ಅಂದಾಜನ್ನು ಎರಡನೆಯವರು ಕೇಳುವ ಮೊದಲೇ ಹಾಕಿಕೊಂಡು ಬಂದಿದ್ದರು.

ಸಂಬಳ ವಿಭಾಗದ ತಪ್ಪುಗಳನ್ನು ಹಿಡಿಯಲು ನೆರವಾಗುತ್ತೀರಾ ಎಂದೂ ಕೇಳಿದೆವು. 401ಕೆಯಲ್ಲಿ ಹೆಚ್ಚಾಗಿ ಕೆಡುವುದು ಎರಡು ಕಡೆ. ಬೋನಸ್ಸಿನಿಂದಲೂ ಕಡಿತ ಮಾಡಬೇಕೆಂದು ಯೋಜನೆಯ ಪತ್ರದಲ್ಲಿದ್ದರೂ ಸಂಬಳದ ಸಾಫ್ಟ್‌ವೇರಿನಲ್ಲಿ ಅದನ್ನು ಸೇರಿಸಿರುವುದಿಲ್ಲ. ಇನ್ನೊಂದು, ಕಡಿತ ಮಾಡಿದ ಹಣ ತಡವಾಗಿ ಜಮೆಯಾಗುವುದು. ನೂರಕ್ಕಿಂತ ಕಡಿಮೆ ಖಾತೆದಾರರಿದ್ದರೆ ಏಳು ಕೆಲಸದ ದಿನಗಳೊಳಗೆ ಜಮೆ ಮಾಡಿದರೆ ಸಮಯಕ್ಕೆ ಸರಿಯಾಗಿ ಎಂದು ಪರಿಗಣಿಸುತ್ತಾರೆ. ತಡವಾದರೆ ಆ ಅವಧಿಯ ಗಳಿಕೆಯನ್ನು ಕಂಪನಿ ತುಂಬಿಕೊಡಬೇಕು.

ಗೋದಾಮಿನವರ ಬೇಡಿಕೆ ಸರಳವಾಗಿತ್ತು: ರಾತ್ರಿ ಪಾಳಿಯವರನ್ನೂ ಪಾಳಿ ಶುರುವಾಗುವ ಮೊದಲು ಒಬ್ಬೊಬ್ಬರಾಗಿ ಮಾತಾಡಿಸಬೇಕು, ಸ್ಪ್ಯಾನಿಷ್ ಬಲ್ಲವರು ಇರಬೇಕು. ಇದನ್ನು ವರ್ಷಕ್ಕೆ ಎಷ್ಟು ಸಲ ಎಂದು ಸಂಖ್ಯೆಯಲ್ಲೇ ಬರೆಸಿದೆವು.

ಸಂಜೆ ಎರಡನೆಯವರನ್ನು ಆರಿಸಿ, ಕಾರಣಗಳನ್ನು ಟಿಪ್ಪಣಿಯಲ್ಲಿ ಸೇರಿಸಿ ನಾಲ್ವರೂ ಸಹಿ ಹಾಕಿದೆವು. ಒಪ್ಪಂದಕ್ಕೆ ಹಾಕಿದ ಷರತ್ತುಗಳು ಇವು: 3(38) ಹೊಣೆಯ ಲಿಖಿತ ಒಪ್ಪಿಗೆ, ನಿಗದಿತ ಶುಲ್ಕವಲ್ಲದೆ ಬೇರೆಲ್ಲಿಂದಲೂ ಆದಾಯ ಪಡೆಯಬಾರದು, ನಮ್ಮ ನೌಕರರಿಗೆ ಐಆರ್‌ಎ ಅಥವಾ ವಿಮೆ ಮಾರಬಾರದು, ಮೂರು ತಿಂಗಳಿಗೊಮ್ಮೆ ವರದಿ, 30 ದಿನಗಳ ನೋಟಿಸು ಕೊಟ್ಟು ದಂಡವಿಲ್ಲದೆ ಬಿಡುವ ಹಕ್ಕು. ಯೋಜನೆಯ ಹಣ ಗ್ರೂಪ್ ಆನ್ಯುಯಿಟಿ ಎಂಬ ವಿಮಾ ಕಂಪನಿಯ ಒಪ್ಪಂದದಲ್ಲಿದ್ದರೆ ಅಲ್ಲಿಂದ ಹೊರಬರಲು ಪ್ರತ್ಯೇಕ ಸರೆಂಡರ್ ಶುಲ್ಕ ಇರಬಹುದು, ಸಲಹೆಗಾರರನ್ನು ಬದಲಿಸುವ ಮೊದಲೇ ಆ ಪತ್ರವನ್ನು ಓದಬೇಕು. ನಮ್ಮದರಲ್ಲಿ ಅದು ಇರಲಿಲ್ಲ. ಹೊಸಬರು ಮೊದಲು ಕೇಳಿದ್ದು ಯೋಜನೆಯ ಪತ್ರ, ಯೋಜನೆಯ ಬಗ್ಗೆ ಸರ್ಕಾರಕ್ಕೆ ವರ್ಷವರ್ಷ ಸಲ್ಲಿಸುವ 5500 ಫಾರ್ಮ್‌ನ ಹಿಂದಿನ ಮೂರು ವರ್ಷಗಳ ಪ್ರತಿಗಳು, ಮತ್ತು ಖಾತೆ ಇದ್ದೂ ಜಮೆ ನಿಲ್ಲಿಸಿದವರ ಪಟ್ಟಿ.